ದೆವ್ವ ಬಿಟ್ಟ ಮೇಲೆ

ಅಮಾವಾಸ್ಯೆ ಬಂತೆಂದರೆ ಹೆಂಡತಿಯ ಮೈಮೇಲೆ ದೆವ್ವ ಬರುತ್ತಿತ್ತು. "ಹೆಂಡ್ತಿ ಮೇಲೆ ಕೈ ಮಾಡ್ತೀಯೇನೋ, ಬೇವರ್ಸಿ!" ಎಂದು ಗಂಡನ ಜನ್ಮ ಜಾಲಾಡುತ್ತಿತ್ತು. ಅವನು ಹಲ್ಲು ಕಚ್ಚಿಕೊಂಡು ಅಡ್ಡಬೀಳುತ್ತಿದ್ದ. ಮಂತ್ರವಾದಿಯ ಬೇವಿನ ಸೊಪ್ಪಿನ ಏಟಿಗೂ ಅದು ಜಗ್ಗದಿದ್ದಾಗ, ಅವಳನ್ನು ಪಟ್ಟಣದ ಮನೋವೈದ್ಯೆಯ ಹತ್ತಿರ ಎಳೆದೊಯ್ದ.

ಡಾಕ್ಟರಮ್ಮ ಬೂದಿ ಎರಚಲಿಲ್ಲ, ಬೇವಿನ ಸೊಪ್ಪು ಬೀಸಲಿಲ್ಲ. ವಾರವಾರವೂ ಅವನನ್ನು ಹೊರಗೆ ಕೂರಿಸಿ ಅವಳ ಮಾತು ಕೇಳಿದರು, ಅಷ್ಟೆ. ಕೊನೆಗೆ ಅವನೆದುರಿಗೇ ಅಂದರು: "ಅದು ದೆವ್ವದ ಮಾತಲ್ಲಮ್ಮ, ನಿಮ್ಮದೇ. ಇನ್ಮೇಲೆ ನೀವೇ ಹೇಳಿ."

ದೆವ್ವ ಬಿಟ್ಟೇಹೋಯಿತು.

ಎರಡು ತಿಂಗಳಿಗೇ ಗಂಡ ಬುಸುಗುಟ್ಟುತ್ತ ಮಂತ್ರವಾದಿಯ ಬಾಗಿಲು ಬಡಿದ.

"ಏನಯ್ಯಾ, ಮತ್ತೆ ಬಂತಾ?"

"ಇಲ್ಲ ಸ್ವಾಮಿ, ಹೆಂಗಾದ್ರೂ ಮಾಡಿ ವಾಪಸ್ ಕರೆಸಿಕೊಡಿ. ಅದಾದ್ರೆ ಅಮಾಸೆಗೊಂದ್ಸಲ ಬಂದು ಬಯ್ದು ಹೋಗೋದು!"