ಟೋಪಿ ಓರೆ ಮಾಡಿಕೊಂಡವನು

"ಇದರಲ್ಲಿ ನೀವು ಯಾರು, ತೋರಿಸಿ ಅಜ್ಜಾ," ಎಂದ ಪಿಂಚಣಿ ಗುಮಾಸ್ತ. ಮುದುಕ ಯುದ್ಧಕ್ಕೆ ಹೋಗಿದ್ದನೆನ್ನುವುದಕ್ಕೆ ಉಳಿದಿದ್ದ ಸಾಕ್ಷಿ ತಂಡದ ಈ ಫೋಟೊ ಒಂದೇ.

ಮುದುಕನ ಬೆರಳು ಎಡತುದಿಯಿಂದ ಹೊರಟಿತು. "ಇವನನ್ನ ಗೊರಕೆ ಅಂತ ಕರೀತಿದ್ವಿ, ಮಲಗಿದ್ದಲ್ಲೇ ಹೋದ. ಇವನು ನಮ್ಮ ಅಡುಗೆಯವನು, ಸೇತುವೆ ಹತ್ತಿರ ಹೋದ. ಇವನು ಕುಳ್ಳ, ನನ್ನ ತೊಡೆ ಮೇಲೇ ಪ್ರಾಣ ಬಿಟ್ಟ." ಟೋಪಿ ಓರೆ ಮಾಡಿಕೊಂಡು ನಗುತ್ತಿದ್ದ ಹುಡುಗನ ಮೇಲೆ ಬೆರಳು ನಿಂತಿತು. "ಇವನ್ಯಾರೋ ಗೊತ್ತಾಗ್ತಿಲ್ಲ."

ಗುಮಾಸ್ತ ಪೆನ್ನಿನ ಮುಚ್ಚಳ ಹಾಕಿದ. ಪಕ್ಕದಲ್ಲಿದ್ದ ಮಗಳು ಫೋಟೊವನ್ನು ಅಪ್ಪನ ಹತ್ತಿರಕ್ಕೆ ಸರಿಸಿದಳು. "ಅಪ್ಪಾ, ಸರಿಯಾಗಿ ನೋಡಿ! ಅದು ನೀವೇ ಅಲ್ವಾ?"

ಮುದುಕ ಬಗ್ಗಿ ಆ ನಗುವನ್ನೇ ಬಹಳ ಹೊತ್ತು ನೋಡಿದ.

"ಇವರೆಲ್ಲ ದಿನಾ ರಾತ್ರಿ ಬರ್ತಾರಮ್ಮ, ಮುಖ ಮರೆಯೋದು ಹೇಗೆ? ಇವನೊಬ್ಬ ಮಾತ್ರ ಅಲ್ಲಿಂದ ಇನ್ನೂ ಬಂದೇ ಇಲ್ಲ."