ಗೇರ್ ಬಾಕ್ಸ್‌ಗೆ ಕಡ್ಡಿ ಇಲ್ಲ

ದಾವಣಗೆರೆಯಲ್ಲಿ ಒಬ್ಬರು ಡ್ರೈವಿಂಗ್ ಸ್ಕೂಲ್ ಮೇಷ್ಟ್ರು. ಹೆಸರು ಪಂಪಾಪತಿ.

ಅವರ ಕಾರಿಗೆ ನಾಲ್ಕು ಗೇರು... ಅವರ ಕೋಪಕ್ಕೆ ಒಂದೇ. ಟಾಪ್ ಗೇರು!

ಕಾರಿನ ಬಾಗಿಲ ಮೇಲೆ ಕೆಂಪು ಅಕ್ಷರದಲ್ಲಿ "ಮಹಿಳೆಯರಿಗೆ ತಾಳ್ಮೆಯಿಂದ ಕಲಿಸಲಾಗುವುದು" ಎಂದು ಬರೆಸಿದ್ದರು.

ತಾಳ್ಮೆ ಇದ್ದದ್ದು ಬಾಗಿಲ ಹೊರಗೆ ಮಾತ್ರ... ಒಳಗೆ ಕೂತವರಿಗೆ ಅದು ಸಿಕ್ಕಿದ್ದಿಲ್ಲ.

ಆ ಕಾರಲ್ಲಿ ಕಲಿಯಲು ಬಂದವರು ಕೊಟ್ರಮ್ಮ. ವಯಸ್ಸು ಐವತ್ತು ದಾಟಿತ್ತು. ಜೋಳದ ರೊಟ್ಟಿ ಬಡಿದು ಹಾಸ್ಟೆಲ್‌ಗಳಿಗೆ ಕೊಡುವುದು ಅವರ ಕಸುಬು.

ರೊಟ್ಟಿ ಬುಟ್ಟಿ ಸಾಗಿಸಲು ಮನೆಯಲ್ಲೊಂದು ಹಳೇ ವ್ಯಾನ್. ಓಡಿಸುತ್ತಿದ್ದವರು ಗಂಡ.

ಈಗ ಸಕ್ಕರೆ ಕಾಯಿಲೆ ಗಂಡನ ಕಣ್ಣು ಮಂಜು ಮಾಡಿತ್ತು... ವ್ಯಾನ್ ಮೇಲೆ ಧೂಳು ಕೂತಿತ್ತು.

"ತಿಂಗಳ ಕೊನೇವರೆಗೂ ಕಾಯ್ತೀವಿ. ಆಮೇಲೆ ಬೇರೆಯವ್ರ ರೊಟ್ಟಿ ತರಿಸ್ತೀವಿ" ಎಂದು ಹಾಸ್ಟೆಲ್‌ನವರು ಹೇಳಿಬಿಟ್ಟಿದ್ದರು. ಹಾಗಾಗಿ ಲೈಸೆನ್ಸ್ ಬೇಕೇ ಬೇಕು. ಟೆಸ್ಟ್ ಮರುದಿನ ಬೆಳಿಗ್ಗೆ.

ಆದರೆ ಎರಡನೇ ಗೇರಿಗೆ ಕೈ ಹಾಕಿದರೆ ಸಾಕು... ಕರ್ರ್ರ್ರ್!

"ಅದು ಕ್ಲಚ್ಚು, ರೊಟ್ಟಿ ಅಲ್ಲ ಹಗೂರ್ಕೆ ತಟ್ಟಾಕೆ! ಪೂರ್ತಿ ತುಳೀರಿ!" ಮೇಷ್ಟ್ರು ಗುಡುಗಿದರು.

"ಪೂರ್ತಿನೇ ತುಳಿದೀನಿ ಸಾರ್. ಇನ್ನೂ ತುಳಿದ್ರೆ ಕಾಲು ರೋಡಿಗೆ ಬರ್ತೈತೆ."

"ಮತ್ತೆ ಗೇರ್ ಯಾಕೆ ಹಿಂಗೆ ಅಳ್ತೈತೆ?"

"ಅದನ್ನೇ ಕೇಳ್ರಿ ಸಾರ್... ನನ್ನ ಕೇಳಿದ್ರೆ ನಾನೂ ಅಳ್ತೀನಿ."

ಮತ್ತೆ ಕರ್ರ್ರ್ರ್!

"ಬಿಡ್ರಿ ಕೊಟ್ರಮ್ಮಾರೆ. ಕೆಲವ್ರ ಕೈಗೆ ರೊಟ್ಟಿ ಹಂಚೇ ಸರಿ" ಎಂದು ಮೇಷ್ಟ್ರು ಬೆರಳು ತೋರಿಸಿದರು.

ಕೊಟ್ರಮ್ಮ ಕಾರು ನಿಲ್ಲಿಸಿದರು. ಸೆರಗಿನಿಂದ ಕಣ್ಣೊರೆಸಿಕೊಂಡರು.

"ನಾಳೆ ಟೆಸ್ಟಿಗೆ ನಾ ಬರಲ್ಲ ಸಾರ್..."

ಮೇಷ್ಟ್ರು ತಾವೇ ಸ್ಟೇರಿಂಗ್ ಹಿಡಿದು ಸ್ಕೂಲಿಗೆ ವಾಪಸ್ ಬಂದರು. ಶೆಡ್ಡಿನೊಳಗೆ ನಿಲ್ಲಿಸಲು ರಿವರ್ಸ್ ಹಾಕಿದರು...

ಕರ್ರ್ರ್ರ್ರ್ರ್!

ಕೊಟ್ರಮ್ಮ ಕಣ್ಣೊರೆಸುವುದನ್ನೇ ನಿಲ್ಲಿಸಿದರು.

"ಸಾರ್... ನಿಮಗೂ ತುಳಿಯಾಕೆ ಬರಲ್ವಾ?"

ಒಳಗೆ ಮೇಜಿನ ಹಿಂದೆ ಕೂತಿದ್ದ ಮೇಷ್ಟ್ರ ಹೆಂಡತಿ ಸರ್ವಮಂಗಳಾ ಸದ್ದು ಕೇಳಿ ಹೊರಗೆ ಬಂದರು.

"ರೀ, ಎಷ್ಟು ಸಲ ಹೇಳೀನಿ... ಕಾರು ನಿಲ್ಲೋ ಜಾಗದಾಗೆ ದಿನಾ ಎಣ್ಣೆ ಕಲೆ ಬೀಳ್ತೈತೆ, ರಂಗೋಲಿ ಹಾಕಾಕೆ ಆಗಲ್ಲ ಅಂತ. ನೀವೇನಂದ್ರಿ?"

"ಅದು ಎ.ಸಿ. ನೀರು ಕಣೆ" ಎಂದಿದ್ದರು ಮೇಷ್ಟ್ರು.

ಆ ಕಾರಿಗೆ ಎ.ಸಿ.ಯೇ ಇಲ್ಲ!

ಹೆಂಡತಿ ತೋರಿಸಿದ ಕಲೆಗೆ ಬೆಲೆ ಕೊಡದ ಕಲಾರಸಿಕರು ನಮ್ಮ ನಾಡಲ್ಲಿ ಬಹಳ...

ಹಾಗಂತ ಮೇಷ್ಟ್ರು ಸೋಮಾರಿಯಲ್ಲ. ದಿನಾ ಬೆಳಿಗ್ಗೆ ಕಾರಿಗೆ ಊದುಬತ್ತಿ ಬೆಳಗಿ, ಬಾನೆಟ್ ಎತ್ತಿ, ಅಳತೆ ಕಡ್ಡಿ ಎಳೆದು ಎಂಜಿನ್ ಆಯಿಲ್ ನೋಡುವವರು.

ಆದರೆ ಆ ಕಾರಿನ ಗೇರ್ ಬಾಕ್ಸ್‌ಗೆ ಅಂಥ ಕಡ್ಡಿ ಇಲ್ಲ. ಕಾರಿನ ಕೆಳಗೆ ಇಳಿಯಬೇಕು... ಪಕ್ಕದ ಬೋಲ್ಟ್ ಬಿಚ್ಚಬೇಕು... ತೂತಿನೊಳಗೆ ಬೆರಳು ಹಾಕಬೇಕು. ಅಂಚಿನವರೆಗೆ ಆಯಿಲ್ ಇದ್ದರೆ ಸರಿ.

ಮೇಷ್ಟ್ರಿಗೆ ಇದು ಗೊತ್ತಿಲ್ಲದ್ದಲ್ಲ. ಬಟ್ಟೆ ಕೊಳೆಯಾಗುವ ಕೆಲಸ, ಅಷ್ಟೇ. ಬೈದರೆ ಬಟ್ಟೆ ಕೊಳೆಯಾಗುವುದಿಲ್ಲ ನೋಡಿ!

ಅಂದು ಮಾತ್ರ ಪಕ್ಕದ ಗ್ಯಾರೇಜಿನ ಗುಂಡಿಯ ಮೇಲೆ ಕಾರು ನಿಲ್ಲಿಸಿ, ಬಿಸಿ ಆರಿದ ಮೇಲೆ, ಸ್ಪ್ಯಾನರ್ ಹಿಡಿದು ಕೆಳಗಿಳಿದರು. ಹೆಂಗಸರಿಬ್ಬರೂ ಮೇಲಿಂದ ಬಗ್ಗಿ ನೋಡಿದರು.

ಬೋಲ್ಟ್ ಬಿಚ್ಚಿತು. ಬೆರಳು ಒಳಗೆ ಹೋಯಿತು... ಒಣಗಿದ್ದ ಹಾಗೆಯೇ ಹೊರಗೆ ಬಂತು.

ಬೆರಳನ್ನು ಕೆಳಕ್ಕೆ ಬಗ್ಗಿಸಿ ಇನ್ನೊಮ್ಮೆ ನೋಡಿದರು. ಆಗಲೂ ಒಣ.

ಆಗಷ್ಟೇ ಕೊಟ್ರಮ್ಮನ ಕಡೆ ತೋರಿಸಿದ್ದ ಬೆರಳು ಅದು.

"ಏನ್ರೀ, ಎ.ಸಿ. ನೀರು ಸಿಕ್ತಾ?" ಸರ್ವಮಂಗಳಾ ಕೇಳಿದರು.

ಗುಂಡಿಯೊಳಗಿಂದ ಮೇಷ್ಟ್ರ ಮುಖ ಮೇಲೆ ಬಂತು... ಬೆರಳು ಒಣಗಿತ್ತು, ಕಣ್ಣು ಒದ್ದೆಯಾಗಿತ್ತು.

"ಕೊಟ್ರಮ್ಮಕ್ಕ, ನಿಮ್ ಕಾಲು ಸರಿ ಐತೆ. ನನ್ನ ಕಾರೇ ಒಣಗಿತ್ತು. ತಪ್ಪಾತು."

ಆಮೇಲೆ ಹೆಂಡತಿಯ ಕಡೆ ತಿರುಗಿದರು. "ಮಂಗಳಾ... ನಿನಗೂ ನಾ ಇದೇ ಕಾರಲ್ಲೇ ಅಲ್ವಾ ಬೈದಿದ್ದು?"

ಹೌದು. ಹೋದ ಬೇಸಿಗೆಯಲ್ಲಿ ಹೆಂಡತಿಗೂ ಕಾರು ಕಲಿಸಲು ಹೊರಟು, "ನಿನ್ನ ತಲೆಗೆ ಇದು ಹತ್ತಲ್ಲ" ಎಂದು ಇಳಿಸಿಬಿಟ್ಟಿದ್ದರು. ಅಂದಿನಿಂದ ಡ್ರೈವಿಂಗ್ ಸ್ಕೂಲಿನ ಒಡತಿ ಮಾರ್ಕೆಟ್ಟಿಗೆ ಆಟೋದಲ್ಲಿ ಹೋಗುತ್ತಿದ್ದರು!

"ಬೈದಿದ್ದೂ ಇದೇ ಕಾರಲ್ಲಿ... ಆಗ್ಲೂ ಕಲೆ ಬೀಳ್ತಿತ್ತು" ಎಂದರು ಸರ್ವಮಂಗಳಾ. ಅವರ ಕಣ್ಣೂ ತುಂಬಿತು.

ಗ್ಯಾರೇಜಿನವರು ಸೋರುತ್ತಿದ್ದ ಸೀಲ್ ಬದಲಿಸಿ, ಅಂಚು ತುಳುಕುವವರೆಗೆ ಗೇರ್ ಆಯಿಲ್ ಹಾಕಿಕೊಟ್ಟರು. ಸಂಜೆ ಕೊಟ್ರಮ್ಮ ಮತ್ತೆ ಕೂತರು.

ಒಂದು... ಎರಡು... ಮೂರು...

"ಸಾರ್, ಗೇರ್ ಬಿತ್ತಾ? ಕೇಳಿಸ್ಲೇ ಇಲ್ಲ!"

"ಬಿತ್ತು ಯಕ್ಕ. ಹೊಟ್ಟೆ ತುಂಬಿದ ಮೇಲೆ ಯಾರು ಅಳ್ತಾರೆ?"

ಮರುದಿನ ಕೊಟ್ರಮ್ಮ ಪಾಸ್!

ಲೈಸೆನ್ಸ್ ಕೈಗೆ ಬಂದ ದಿನವೇ ರೊಟ್ಟಿ ವ್ಯಾನ್ ಧೂಳು ಕೊಡವಿಕೊಂಡು ಹೊರಟಿತು. ತಿಂಗಳು ಇನ್ನೂ ಮುಗಿದಿರಲಿಲ್ಲ. ಪಕ್ಕದ ಸೀಟಲ್ಲಿ ಗಂಡ, ತೊಡೆಯ ಮೇಲೆ ಬುಟ್ಟಿ, ಮುಖದ ತುಂಬ ನಗು.

ಸ್ಕೂಲ್ ಮುಂದೆ ಬಂದಾಗ ಎದುರಿಗೆ ಆ ಕಾರು ನಿಧಾನಕ್ಕೆ ಹೊರಬರುತ್ತಿತ್ತು. ಸ್ಟೇರಿಂಗ್ ಹಿಡಿದಿದ್ದವರು ಸರ್ವಮಂಗಳಾ. ಪಕ್ಕದಲ್ಲಿ ಮೇಷ್ಟ್ರು... ಕೈ ಕಟ್ಟಿ, ಬಾಯಿ ಮುಚ್ಚಿ ಕೂತಿದ್ದರು.

ಕೊಟ್ರಮ್ಮ ಕಿಟಕಿಯಿಂದ ಕೂಗಿದರು. "ಸಾರ್, ತಾಳ್ಮೆ ಐತಾ?"

"ಬೆರಳು ಹಾಕಿ ನೋಡ್ಕಂಡೇ ಕೂತೀನಿ ಯಕ್ಕ... ಅಂಚಿನ ತನಕ ಐತೆ!"

✦

ಇನ್ನೊಬ್ಬರ ಕಡೆ ಬೆರಳು ತೋರಿಸುವ ಮುನ್ನ ಅದೇ ಬೆರಳನ್ನು ನಮ್ಮೊಳಗೆ ಹಾಕಿ ನೋಡಬೇಕು... ಒಣಗಿರುವುದು ನಾವೇ ಇರಬಹುದು.

ನಿಮ್ಮ ಮನೆಯಲ್ಲೂ ದಿನಾ ಒಂದು ಕಲೆ ಬೀಳುತ್ತಿರಬಹುದು... ಕೊನೆಯ ಸಲ ಬಗ್ಗಿ ನೋಡಿದ್ದು ಯಾವಾಗ?