ಎಮ್ಮಿ ಗೂಟ

ಹೊಸ ರಬ್ಬರಿನ ವಾಸನೆ ಬಂದರೆ ಇವತ್ತಿಗೂ ಪ್ಯಾರಮಟ್ಟಾದ ಆ ದೋಣಿ ಸಾಮಾನಿನ ಅಂಗಡಿ ನೆನಪಾಗುತ್ತದೆ. ಅಪ್ಪ, ಅಮ್ಮ, ಧಾರವಾಡದಿಂದ ಬಂದಿದ್ದ ಅಜ್ಜಿ, ನಾನು ಹೋಗಿದ್ದೆವು. ಅಮ್ಮನಿಗೆ ದೂರದ ಮೆಲ್ಬರ್ನ್‌ನಲ್ಲಿ ಕೆಲಸ ಸಿಕ್ಕಿತ್ತು. ಹೋಗುವುದೋ ಬಿಡುವುದೋ ತೀರ್ಮಾನವಾಗಿರಲಿಲ್ಲ. ಅಷ್ಟರಲ್ಲಿ ಅಪ್ಪ ದೋಣಿ ಕೊಂಡಿದ್ದರು.

"ಆಳ ಇಲ್ಲದ ನೀರಾಗ ಆ್ಯಂಕರ್ ಜಾರತದ. ಈ ಪೋಲ್ ಕೆಸರಾಗ ಚುಚ್ಚಿದ್ರ ದೋಣಿ ಅಲ್ಲಾಡೂದಿಲ್ಲ," ಅಂದರು ಅಪ್ಪ.

ಅಜ್ಜಿ ಆ ನುಣುಪು ಕೋಲನ್ನು ಸವರಿ ನಕ್ಕಳು. "ಇದು ಎಮ್ಮಿ ಗೂಟ ಅಲ್ಲೇನೋ?"

"ಹೂಂ ಅವ್ವಾ. ವೀಕೆಂಡ್ ಎಲ್ಲಾರೂ ಒಂದ ಕಡೆ ಕೂಡಬಹುದು." ಅಪ್ಪ ಅಮ್ಮನ ಕಡೆ ತಿರುಗಿದರು. "ಆ್ಯಂಕರೋ ಪೋಲೋ, ಯಾವುದು ತಗೋಳೂಣು?"

"ನಿಮಗ ಬೇಕಾದ್ದು ತಗೋರಿ." ಅಮ್ಮ ಫೋನಿನಿಂದ ತಲೆ ಎತ್ತಲಿಲ್ಲ.

"ಗೂಟ ಗಟ್ಟಿ ಇದ್ರ ಸಾಲದಪಾ, ಎಮ್ಮಿಗೂ ನಿಲ್ಲೂ ಮನಸಿರಬೇಕು," ಅಂದಳು ಅಜ್ಜಿ. ಯಾರೂ ನಗಲಿಲ್ಲ. ಅಪ್ಪ ಗೂಟವನ್ನೇ ಕೊಂಡರು.

ಮುಂದಿನ ತಿಂಗಳು ಅಮ್ಮ ಒಬ್ಬಳೇ ಮೆಲ್ಬರ್ನ್‌ಗೆ ಹೋದಳು. ಆ ಬೇಸಿಗೆಯಲ್ಲಿ ಅಪ್ಪ ಗೂಟವನ್ನು ನಮ್ಮ ರೌಸ್ ಹಿಲ್ ಮನೆಯ ಹಿತ್ತಲಲ್ಲಿ ನೆಟ್ಟು, ಅದಕ್ಕೆ ಟೊಮೆಟೊ ಗಿಡ ಕಟ್ಟಿದರು.